ಮಾವನವರ ಕಾಲದ ಹೊಟ್ಟು ಬೇರೆ

ಪ್ರಶ್ನೆ: ನಮ್ಮದು ಬಡಿಗೇರ ಮನೆತನ. ಮನೆಗೆ ಹೊಂದಿಕೊಂಡೇ ಯಜಮಾನರ ವರ್ಕ್‌ಶಾಪ್ ಇದೆ. ಎರಡು ವರ್ಷದಿಂದ ಅವರಿಗೆ ರಾತ್ರಿಯೆಲ್ಲ ಕೆಮ್ಮು. ಅಡುಗೆಮನೆಯ ಡಬ್ಬಿಗಳ ಮೇಲೂ ಪುಡಿ ಕೂರುತ್ತದೆ, ಮನೆಯಲ್ಲಿ ಸಣ್ಣ ಮಗುವಿದೆ. ಹೊಟ್ಟನ್ನು ಹಿತ್ತಲಲ್ಲಿ ಸುಟ್ಟರೆ ಪಕ್ಕದವರು ಜಗಳಕ್ಕೆ ಬರುತ್ತಾರೆ. ಮಾಸ್ಕ್ ಹಾಕಿಕೊಳ್ಳಿ ಎಂದರೆ ಮಾವನವರು, ‘ನಾವು ಜನ್ಮವೆಲ್ಲ ಇದರಲ್ಲೇ ಕಳೆದಿಲ್ಲೇನು?’ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಸಿದ್ದಾಪುರ, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ಮಾವನವರ ಮಾತು ಅವರ ಕಾಲಕ್ಕೆ ಬಹಳ ಮಟ್ಟಿಗೆ ಸರಿ. ಬೇವು, ಜಾಲಿಯನ್ನು ಕೈಗರಗಸದಲ್ಲಿ ಕೊಯ್ದು ರಂದಾ ಹೊಡೆದರೆ ಸುರುಳಿ ಸಿಪ್ಪೆ ಕಾಲಬುಡದಲ್ಲೇ ಬೀಳುತ್ತದೆ. ಈಗ ಬಂದಿರುವುದು ಕಟರ್, ಸ್ಯಾಂಡರ್, ಪ್ಲೈವುಡ್, ಎಂಡಿಎಫ್. ಸ್ಯಾಂಡರ್ ಪುಡಿ ಮಷಿನ್ ನಿಂತ ಮೇಲೂ ಬಹಳ ಹೊತ್ತು ಗಾಳಿಯಲ್ಲೇ ಇರುತ್ತದೆ. ತಗಡಿನ ತೂತಿನಿಂದ ಇಳಿದ ಬಿಸಿಲಕೋಲಿನಲ್ಲಿ ಅದು ಆಡುವುದನ್ನು ನೀವು ನೋಡಿರುತ್ತೀರಿ. ಕಣ್ಣಿಗೇ ಕಾಣದಷ್ಟು ಸಣ್ಣದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಎಂಡಿಎಫ್ ಅಂಟಿನ ಫಾರ್ಮಾಲ್ಡಿಹೈಡ್ ಕೂಡ ಅದೇ ಪಟ್ಟಿಯಲ್ಲಿದೆ. ಮರದ ಧೂಳಿನಿಂದ ಮೂಗಿನೊಳಗೆ ಬರುವ ಕ್ಯಾನ್ಸರ್ ಬಲು ಅಪರೂಪ, ಬಂದರೂ ದಶಕಗಳ ನಂತರ. ನಿಮ್ಮವರ ಕೆಮ್ಮಿಗೆ ಅಲರ್ಜಿ, ಉಬ್ಬಸ ಕಾರಣವಿರಬಹುದು. ಸಾಗವಾನಿ ಪುಡಿಯಿಂದಲೂ ಅವು ಬರುತ್ತವೆ. ಆದರೆ ಎರಡು ವರ್ಷದ ಕೆಮ್ಮಿಗೆ ಇನ್ನು ಮೆಡಿಕಲ್ ಶಾಪಿನ ಸಿರಪ್ ಸಾಲದು. ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ಕಫದ ಪರೀಕ್ಷೆಯೂ ಆಗಲಿ. ತಾನು ಬಡಿಗ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಲಿ. ಮೂಗು ಒಂದೇ ಕಡೆ ಕಟ್ಟುತ್ತಿದ್ದರೆ, ರಕ್ತ ಕಂಡರೆ ಒಂದು ದಿನವೂ ತಡ ಬೇಡ.

ಪುಡಿಯನ್ನು ಹುಟ್ಟಿದ ಜಾಗದಲ್ಲೇ ಹಿಡಿಯಬೇಕು. ಸ್ಯಾಂಡರ್‌ನ ಹಿಂಬಾಯಿಗೆ ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ, ನಡುವೆ ಮುಚ್ಚಳವಿರುವ ಡ್ರಮ್ಮಿನ ಮೇಲೆ ಗಾಳಿಯಿಂದ ಹೊಟ್ಟು ಬೇರ್ಪಡಿಸುವ ಸೈಕ್ಲೋನ್ ಕೂರಿಸಿದರೆ ಬಹುಪಾಲು ಹೊಟ್ಟು ಡ್ರಮ್ಮಿಗೇ ಬೀಳುತ್ತದೆ. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಿಗರಿಗೆ ಉಪಕರಣಕ್ಕೆಂದು ₹15,000ದವರೆಗೆ ವೋಚರ್, ಮೊದಲ ಕಂತಿನಲ್ಲಿ 5% ಬಡ್ಡಿಗೆ ₹1 ಲಕ್ಷದವರೆಗೆ ಸಾಲ ಇದೆ. ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಮಾಸ್ಕ್ ಎನ್-95 ಆಗಿರಲಿ, ಹೆಗಲ ಟವೆಲ್ ಸುತ್ತಿದರೆ ಸಣ್ಣ ಪುಡಿ ತಡೆಯುವುದಿಲ್ಲ. ಕೆಲಸ ಮುಗಿದ ಮೇಲೆ ಬ್ಲೋವರ್‌ನಿಂದ ಮೈಮೇಲಿನ ಪುಡಿ ಊದಿಕೊಳ್ಳುವ ಅಭ್ಯಾಸವಿದ್ದರೆ ಇವತ್ತೇ ಬಿಡಿಸಿ. ನೆಲಕ್ಕೆ ಒಣ ಪೊರಕೆ ಬೇಡ, ಒದ್ದೆ ಬಟ್ಟೆ ಸಾಕು. ಅಂಗಿ ಬದಲಿಸಿ, ಮುಖ ತೊಳೆದೇ ಅವರು ಮಗುವನ್ನು ಎತ್ತಿಕೊಳ್ಳಲಿ. ವರ್ಕ್‌ಶಾಪಿನಿಂದ ಅಡುಗೆಮನೆಗೆ ಬರುವ ಬಾಗಿಲು ಮುಚ್ಚಿಯೇ ಇರಲಿ.

ಹೊಟ್ಟಿಗೆ ಎರಡು ಚೀಲ ಇಡಿ. ಬರೀ ಮರದ್ದು ಒಂದಕ್ಕೆ, ಪ್ಲೈವುಡ್-ಎಂಡಿಎಫ್‌ನದು ಇನ್ನೊಂದಕ್ಕೆ. ಮೊದಲನೆಯದು ದನದ ಕೊಟ್ಟಿಗೆಗೆ ಹಾಸಲು ಒಳ್ಳೆಯದು. ನಂತರ ಸಗಣಿಯ ಜೊತೆ ತಿಪ್ಪೆಗೆ ಹೋಗಲಿ. ಹಸಿ ಹೊಟ್ಟನ್ನೇ ಗದ್ದೆಗೆ ಹಾಕಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹೀರಿ ಪೈರು ಹಳದಿಯಾಗುತ್ತದೆ. ಕಾರಟಗಿ ಸುತ್ತಿನ ರೈಸ್ ಮಿಲ್ಲುಗಳ ಬಾಯ್ಲರಿಗೂ ಕೇಳಿ ನೋಡಿ. ಎರಡನೆಯ ಚೀಲದ್ದು ಒಲೆಗೂ ಬೇಡ, ಕೊಟ್ಟಿಗೆಗೂ ಬೇಡ, ಹಿತ್ತಲಿನ ಬೆಂಕಿಗಂತೂ ಬೇಡವೇ ಬೇಡ. ಅದನ್ನು ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿಯೇ ಕೊಡಿ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಮೇಲೆ ಎಸೆದರೆ ತಾನೇ ಕಾದು ಹೊತ್ತಿಕೊಳ್ಳಬಹುದು. ಬಿಚ್ಚಿ ಹರವಿ ಹೊರಗೆ ಒಣಗಿಸಿ.

ಮಾವನವರ ಜೊತೆ ವಾದಕ್ಕೆ ನಿಲ್ಲಬೇಡಿ. ನಮ್ಮ ಕಿನ್ನಾಳದ ಚಿತ್ರಗಾರರು ಮರದ ಹೊಟ್ಟನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಕಿಟ್ಟ ಮಾಡಿ ಗೊಂಬೆಗೆ ಬಳಿಯುತ್ತಾರೆ, ಹೊಟ್ಟಿನ ಈ ಬೆಲೆ ಮಾವನವರಿಗೂ ಗೊತ್ತಿರುತ್ತದೆ. ಯಾವ ಹೊಟ್ಟು ಯಾವ ಚೀಲಕ್ಕೆ ಎಂದು ನೋಡಿಕೊಳ್ಳುವ ಜವಾಬ್ದಾರಿಯನ್ನು ಅವರಿಗೇ ಒಪ್ಪಿಸಿ. ಮರ ಬಲ್ಲವರು, ಮುಟ್ಟಿದರೇ ಹೇಳುತ್ತಾರೆ.