ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ರಾತ್ರಿ

ಚಿ. ಪುಟ್ಟಿ,

ಅಮೆರಿಕಕ್ಕೆ ಓದಲು ಹೋಗುವಾಗ ದಾರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು, ಒಂದು ರಾತ್ರಿ ಉಳಿದು ಹೋಗಬೇಕೆಂದಿದ್ದೀಯಂತೆ. ನೀನು ಮಾಡಿಟ್ಟ ಪಟ್ಟಿಯನ್ನು ನಿನ್ನಮ್ಮ ತೋರಿಸಿದಳು. ಮೂರು ಮ್ಯೂಸಿಯಂ, ದೋಣಿ ವಿಹಾರ, ಗಾಳಿಯಂತ್ರಗಳ ಹಳ್ಳಿ, ಟುಲಿಪ್ ತೋಟ, ಸಮಯ ಸಿಕ್ಕರೆ ಬ್ರಸೆಲ್ಸ್! ಓದಿ ನಿನ್ನ ಹುಮ್ಮಸ್ಸಿಗೆ ಸಂತೋಷವಾಯಿತು, ನಿನ್ನ ಕಾಲುಗಳನ್ನು ನೆನೆದು ಕಳವಳವೂ ಆಯಿತು. ಬೆಂಗಳೂರಿನಿಂದ ಅಲ್ಲಿಗೆ 2019ರಲ್ಲಿ ನೇರ ವಿಮಾನ ಶುರುವಾದ ಮೇಲೆ ಆ ದಾರಿಯಲ್ಲಿ ಹೋಗುವ ನಿನ್ನಂಥ ಮಕ್ಕಳು ಬಹಳ. ಅವರಿಗೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಟುಲಿಪ್ ತೋಟವನ್ನು ಮೊದಲು ಹೊಡೆದುಹಾಕು. ಕ್ಯೂಕೆನ್‌ಹಾಫ್ ಎಂಬ ಆ ತೋಟ ತೆರೆದಿರುವುದು ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ. ನೀನು ಹೋಗುವ ಆಗಸ್ಟಿನಲ್ಲಿ ಅಲ್ಲಿ ನೋಡಲು ಹೂವಿಲ್ಲ. ಬ್ರಸೆಲ್ಸ್ ಬೇರೆಯೇ ದೇಶದ ರಾಜಧಾನಿ, ಇನ್ನೊಂದು ಸಲಕ್ಕಿರಲಿ. ಒಂದು ರಾತ್ರಿಗೆ ಒಂದು ಊರೇ ಜಾಸ್ತಿಯಾಯಿತು. ಆ ಊರು ನೀರಿನ ಮೇಲೆ ಹೇಗೆ ನಿಂತಿದೆ, ಯಾವ ದುಡ್ಡಿನಿಂದ ಎದ್ದಿದೆ ಎಂಬ ಎರಡು ವಿಷಯ ನಿನ್ನ ಕಣ್ಣಿಗೆ ಬಿದ್ದರೆ ಇಳಿದದ್ದು ಸಾರ್ಥಕ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಕಾಗದಪತ್ರ. ಅಮೆರಿಕದ ವೀಸಾ ಇದ್ದರೆ ಯೂರೋಪಿನಲ್ಲಿ ಇಳಿದು ತಿರುಗಾಡಬಹುದು ಎಂದು ನಿನ್ನ ಗೆಳತಿಯರು ಹೇಳುತ್ತಿದ್ದರೆ ನಂಬಬೇಡ. ವಿಮಾನ ನಿಲ್ದಾಣದ ಒಳಗೇ ಇದ್ದು ವಿಮಾನ ಬದಲಾಯಿಸುವುದು ಬೇರೆ, ಇಮಿಗ್ರೇಷನ್ ದಾಟಿ ಊರೊಳಗೆ ಹೋಗುವುದು ಬೇರೆ. ಊರಿಗೆ ಹೋಗಲು ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು, ಕೊನೆಯ ಪಕ್ಷ 15 ದಿನ ಮುಂಚೆ ಹಾಕಲೇಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯನ್ನೂ ಕೇಳುತ್ತಾರೆ. ನಿನ್ನಂಥವರು ಎಡವುವುದು ಪಾಸ್‌ಪೋರ್ಟಿನ ವಿಷಯದಲ್ಲಿ. ಇರುವುದು ಒಂದೇ ಪಾಸ್‌ಪೋರ್ಟು, ಅಮೆರಿಕದವರಿಗೂ ಅದು ಬೇಕು, ಡಚ್ಚರಿಗೂ ಬೇಕು. ಮೊದಲು ಅಮೆರಿಕದ ವೀಸಾ ಆಗಿ ಪಾಸ್‌ಪೋರ್ಟು ಕೈಗೆ ಬರಲಿ, ಆಮೇಲೆ ಇದಕ್ಕೆ ಕೊಡು. ನಡುವೆ ಅಷ್ಟು ದಿನ ಉಳಿಯದಿದ್ದರೆ ಇಳಿಯುವ ಆಸೆ ಬಿಟ್ಟುಬಿಡು. ಕಾಲೇಜಿಗೆ ಹೊತ್ತಿಗೆ ಸರಿಯಾಗಿ ತಲುಪುವುದು ಎಲ್ಲಕ್ಕಿಂತ ಮುಖ್ಯ.

ಎರಡು ವಿಮಾನಗಳ ನಡುವಿನ ಅಂತರ 24 ಗಂಟೆ ದಾಟಿದರೆ ನಿನ್ನ ದೊಡ್ಡ ಪೆಟ್ಟಿಗೆಗಳೂ ಅಲ್ಲೇ ಹೊರಗೆ ಬರುತ್ತವೆ ಎಂದುಕೊಂಡೇ ಯೋಚನೆ ಮಾಡು. ವರ್ಷಕ್ಕಾಗುವ ಬಟ್ಟೆಬರೆ, ಕುಕ್ಕರು ತುಂಬಿದ ಎರಡು ಪೆಟ್ಟಿಗೆ ಎಳೆದುಕೊಂಡು ಟ್ರಾಮ್ ಹತ್ತಲು ಆಗುವುದಿಲ್ಲ. ಆದ್ದರಿಂದ ಬೆಳಗ್ಗೆ ಇಳಿದು, ಮರುದಿನ ಅಷ್ಟೇ ಹೊತ್ತಿನೊಳಗೆ ಹೊರಡುವಂತೆ ಟಿಕೆಟ್ ಸಿಗುತ್ತದೆಯೇ ನೋಡು. ಎರಡು ಹಾರಾಟವೂ ಒಂದೇ ಟಿಕೆಟಿನಲ್ಲಿರಲಿ. ಪೆಟ್ಟಿಗೆ ಕೊನೆಯ ಊರಿನವರೆಗೂ ಹೋಗುತ್ತದೆಯೇ ಎಂದು ಬೆಂಗಳೂರಿನ ಕೌಂಟರಿನಲ್ಲೇ ಬಾಯಿಬಿಟ್ಟು ಕೇಳು, ಚೀಟಿಯ ಮೇಲೆ ಯಾವ ಊರಿನ ಹೆಸರಿದೆ ಎಂದು ನೀನೇ ಓದು. ಅಂತರ ಹೆಚ್ಚಾಗಿ ಪೆಟ್ಟಿಗೆ ಕೈಗೆ ಬಂದರೆ ಅಲ್ಲಿನ ಸ್ಖಿಪೋಲ್ ವಿಮಾನ ನಿಲ್ದಾಣದಲ್ಲೇ ದುಡ್ಡು ಕೊಟ್ಟು ಇಟ್ಟು ಹೋಗುವ ವ್ಯವಸ್ಥೆ ಇದೆ. ಪಾಸ್‌ಪೋರ್ಟು, ಕಾಲೇಜಿನ ಐ-20 ಪತ್ರ ಮಾತ್ರ ಮೈಗೆ ಅಂಟಿಕೊಂಡೇ ಇರಬೇಕು.

ಇನ್ನೊಂದು ಮಾತು ನಿನ್ನಮ್ಮನಿಗೂ ಸೇರಿ. ಹಾಲಿನ, ಮಾಂಸದ ಪದಾರ್ಥಗಳನ್ನು ಹೊರದೇಶದಿಂದ ಯೂರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ನೀನು ಅಲ್ಲಿ ಕಸ್ಟಮ್ಸ್ ದಾಟಿ ಹೊರಗೆ ಬರುವವಳು. ಹಾಗಾಗಿ ಕೈಚೀಲದಲ್ಲಿ ಧಾರವಾಡ ಪೇಡವಾಗಲಿ ತುಪ್ಪದ ಡಬ್ಬಿಯಾಗಲಿ ಬೇಡ. ಚಕ್ಕುಲಿ, ಕೋಡುಬಳೆ ಇರಲಿ.

ದುಡ್ಡಿನ ವಿಷಯ ಬಹಳ ಸುಲಭ. ಅಲ್ಲಿ ರೈಲು, ಟ್ರಾಮ್, ಬಸ್ಸು ಎಲ್ಲಕ್ಕೂ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ಹತ್ತಬಹುದು. ಇಳಿಯುವಾಗಲೂ ಅದೇ ಕಾರ್ಡನ್ನು ಮರೆಯದೆ ತಾಗಿಸಬೇಕು, ಇಲ್ಲವಾದರೆ ಹೆಚ್ಚು ಕಡಿತವಾಗುತ್ತದೆ. ಆದರೆ ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ನಮ್ಮ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ, ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ನಾವಾಗಿ ಚಾಲೂ ಮಾಡಿಸದ ಹೊರತು ಇರುವುದಿಲ್ಲ. ಹೊರಡುವ ವಾರವೇ ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ಮಾಡಿಕೋ.

ಈಗ ಊರಿಗೆ ಬರೋಣ. ವಿಮಾನ ಇಳಿಯುವಾಗ ಕಿಟಕಿಯಿಂದ ನೆಲ ನೋಡು. ಸ್ಖಿಪೋಲ್ ಇರುವುದು ಒಂದು ಕಾಲದ ದೊಡ್ಡ ಸರೋವರದ ತಳದಲ್ಲಿ. ಪಂಪುಗಳಿಂದ ನೀರೆತ್ತಿ ಅದನ್ನು ಬತ್ತಿಸಿದ್ದು 1852ರಲ್ಲಿ. ರನ್‌ವೇ ಇಂದಿಗೂ ಸಮುದ್ರ ಮಟ್ಟಕ್ಕಿಂತ ಮೂರು ಮೀಟರ್ ಕೆಳಗಿದೆ. ಆ ದೇಶದ ಬದುಕೆಲ್ಲ ನೀರನ್ನು ಆಚೆ ತಳ್ಳುತ್ತಲೇ ನಡೆದದ್ದು. ಅದು ನಿನಗೆ ಮೊದಲ ನಿಮಿಷದಲ್ಲೇ ಕಾಣುತ್ತದೆ.

ಎಲ್ಲರೂ ರೈಲು ಹತ್ತಿ ಸೆಂಟ್ರಾಲ್ ನಿಲ್ದಾಣಕ್ಕೆ ಹೋಗುತ್ತಾರೆ. ನೀನು 397ನೇ ನಂಬರ್ ಬಸ್ಸು ಹಿಡಿದು ನೇರ ಮ್ಯೂಸಿಯಂಪ್ಲೇನ್ ಎಂಬ ಚೌಕಕ್ಕೆ ಹೋಗು, ಉಳಿಯುವ ಜಾಗವನ್ನೂ ಆ ಸುತ್ತಿನಲ್ಲೇ ಹುಡುಕು. ಸೆಂಟ್ರಾಲ್ ಸುತ್ತ ರಾತ್ರಿಯೆಲ್ಲ ಗಲಾಟೆ. ಕೋಣೆಯ ಬಾಡಿಗೆ ನೋಡುವಾಗ ಊರಿನ ಪ್ರವಾಸಿ ತೆರಿಗೆ ಶೇ 12.5 ಸೇರಿದೆಯೇ ಗಮನಿಸು. ಬೆಳಗ್ಗೆಯೇ ಕೋಣೆ ಸಿಗುವುದಿಲ್ಲ, ಚೀಲ ಅಲ್ಲಿಟ್ಟು ಹೊರಡು. ಮಧ್ಯಾಹ್ನ ಮಲಗಲೇಬೇಡ.

ನಿದ್ದೆಗೆಟ್ಟ ಕಣ್ಣಲ್ಲಿ ಮೊದಲ ದಿನವೇ ಮ್ಯೂಸಿಯಂ ಹೊಕ್ಕರೆ ಏನೂ ಒಳಗಿಳಿಯುವುದಿಲ್ಲ. ಆ ದಿನ ನಡೆ. ರೈಕ್ಸ್ ಮ್ಯೂಸಿಯಂ ಕಟ್ಟಡದ ಹೊಟ್ಟೆಯೊಳಗೇ ಸೈಕಲ್ಲಿನ ದಾರಿಯಿದೆ, ಅದರ ಪಕ್ಕದ ಕಾಲುದಾರಿಯಿಂದ ಆಚೆ ಹೋದರೆ ಸ್ಪೀಗೆಲ್‌ಖ್ರಾಖ್ಟ್ ಎಂಬ ಪುಟ್ಟ ಕಾಲುವೆ. ಅಲ್ಲಿಂದ ಪ್ರಿನ್ಸೆನ್‌ಖ್ರಾಖ್ಟ್, ಕೈಜರ್ಸ್‌ಖ್ರಾಖ್ಟ್, ಹೇರೆನ್‌ಖ್ರಾಖ್ಟ್ ಎಂಬ ಮೂರು ದೊಡ್ಡ ಕಾಲುವೆಗಳು ಒಂದಾದ ಮೇಲೊಂದು ಬರುತ್ತವೆ. 1613ರಲ್ಲಿ ಅಗೆಯಲು ಶುರುಮಾಡಿದವು ಇವು. 2010ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಕೆಂಪು ಬಣ್ಣದ ಪಟ್ಟಿ ಸೈಕಲ್ಲಿನವರದ್ದು, ಅದರ ಮೇಲೆ ನಿಂತು ಫೋಟೊ ತೆಗೆಯಬೇಡ. ಅವರು ಗಂಟೆ ಹೊಡೆಯುತ್ತಾರೆಯೇ ಹೊರತು ವೇಗ ತಗ್ಗಿಸುವುದಿಲ್ಲ.

ಯಾವುದಾದರೂ ಸೇತುವೆಯ ಮೇಲೆ ನಿಂತು ಮನೆಗಳ ನೆತ್ತಿ ನೋಡು. ಬಹುತೇಕ ಮನೆಗಳ ತುದಿಯಲ್ಲೂ ಮುಂದಕ್ಕೆ ಚಾಚಿದ ಒಂದು ತೊಲೆ, ಅದಕ್ಕೊಂದು ಕೊಕ್ಕೆ. ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದು, ಮಂಚ ಬೀರು ಹತ್ತಿಸಲು ಸಾಧ್ಯವಿಲ್ಲ. ಹಗ್ಗ ರಾಟೆ ಕಟ್ಟಿ ಬೀದಿಯಿಂದ ಎತ್ತಿ ಕಿಟಕಿಯಲ್ಲಿ ಒಳಗೆ ತೆಗೆದುಕೊಳ್ಳುತ್ತಾರೆ. ಎಷ್ಟೋ ಮನೆಗಳ ಮುಂಭಾಗವನ್ನು ಬೇಕೆಂದೇ ಬೀದಿಯತ್ತ ಬಾಗಿಸಿ ಕಟ್ಟಿದ್ದಾರೆ, ಎತ್ತುವ ಸಾಮಾನು ಗೋಡೆಗೆ ತಾಗದಿರಲೆಂದು. ಇನ್ನು ಕೆಲವು ಪಕ್ಕಕ್ಕೆ ವಾಲಿರುವುದು ತಳದ ಮರದ ಕಂಬಗಳು ಕುಸಿದು. ಊರಿಗೆ ಊರೇ ಜೌಗು ಮಣ್ಣು, ಅದರ ಕೆಳಗಿನ ಮರಳಿನವರೆಗೆ ಮರದ ಕಂಬ ಹೊಡೆದು ಕಟ್ಟಿದ್ದು. ಡ್ಯಾಮ್ ಚೌಕದ ಅರಮನೆಯೊಂದರ ಕೆಳಗೇ 13,659 ಕಂಬಗಳಿವೆ.

ಆ ಮನೆಗಳ ಅಟ್ಟಕ್ಕೆ ಏರಿದ್ದ ಮೂಟೆಗಳಲ್ಲಿ ಏನಿತ್ತು ಎಂದು ನೀನು ಕೇಳಿಕೊಳ್ಳಲೇಬೇಕು. 1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿ ಮಲಬಾರಿನ ಮೆಣಸು, ಇಂದಿನ ಇಂಡೊನೇಷ್ಯಾದ ಬಾಂದಾ ದ್ವೀಪಗಳ ಜಾಯಿಕಾಯಿ ಹೊತ್ತು ತಂದ ಊರಿದು. ನಮ್ಮ ಕುಂದಾಪುರದ ಪಕ್ಕದ ಬಸ್ರೂರಿನಲ್ಲೂ ಆ ಶತಮಾನದಲ್ಲಿ ಅವರ ಕೋಠಿ ಇತ್ತು. ಬಾಂದಾದಲ್ಲಿ ಜಾಯಿಕಾಯಿಗಾಗಿ ಊರೂರನ್ನೇ ಕೊಂದರು, ಆಫ್ರಿಕಾದವರನ್ನು ಗುಲಾಮರಾಗಿ ಮಾರಿದರು. ಗುಲಾಮಗಿರಿಯಲ್ಲಿ ಈ ನಗರದ ಪಾಲಿಗಾಗಿ ಮೇಯರ್ 2021ರ ಜುಲೈ 1ರಂದು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಚೆಂದದ ಮನೆಗಳ ಚೆಂದವನ್ನು ನೋಡು, ಇದನ್ನೂ ತಿಳಿದು ನೋಡು.

ಊಟಕ್ಕೂ ಈ ಚರಿತ್ರೆಯೇ ನಿನ್ನ ಕೈಹಿಡಿಯುತ್ತದೆ. ದಕ್ಷಿಣ ಅಮೆರಿಕದ ಸುರಿನಾಮ್ ಡಚ್ಚರ ವಸಾಹತಾಗಿತ್ತು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ 1873ರಿಂದ ಉತ್ತರ ಭಾರತದ ಕೂಲಿಗಳನ್ನು ಹಡಗಿನಲ್ಲಿ ಸಾಗಿಸಿದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮಕ್ಕಳು ಮೊಮ್ಮಕ್ಕಳು ಸಾವಿರಗಟ್ಟಲೆ ನೆದರ್‌ಲ್ಯಾಂಡ್ಸಿಗೆ ಬಂದರು, ರೊಟ್ಟಿಯನ್ನೂ ತಂದರು. ದ ಪೈಪ್ ಬಡಾವಣೆಯ ಆಲ್ಬರ್ಟ್ ಕೌಪ್ ಸಂತೆಯ ಸುತ್ತ ಸುರಿನಾಮಿ ಅಂಗಡಿಗಳಿವೆ. ಸಂತೆಗೆ ಭಾನುವಾರ ರಜಾ. ರೊಟ್ಟಿ ತೆಳ್ಳಗೆ, ಮಡಿಸಿದ್ದು. ಹರಿದರೆ ನಮ್ಮ ಬೇಳೆ ಹೋಳಿಗೆಯ ಹೂರಣದಂತೆ ನಡುವೆ ಹಳದಿ ಬೇಳೆಯ ಪುಡಿ ಉದುರುತ್ತದೆ, ಸಿಹಿ ಮಾತ್ರ ಇಲ್ಲ. ಜೊತೆಗೆ ಆಲೂಗಡ್ಡೆ, ಉದ್ದನೆಯ ಅಲಸಂದೆ ಕಾಯಿ ಪಲ್ಯ. ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ಇಟ್ಟೇ ಕೊಡುತ್ತಾರೆ, ಬೇಡವಾದರೆ ಮೊದಲೇ ಹೇಳು. ಮತ್ತೆ, ಕಾಫಿ ಶಾಪ್ ಎಂಬ ಬೋರ್ಡಿರುವ ಕಡೆ ಮಾರುವುದು ಗಾಂಜಾ. ನಿನಗೆ ಬೇಕಾದ ಕಾಫಿ ಕೆಫೆಗಳಲ್ಲಿ ಸಿಗುತ್ತದೆ.

ಸಂಜೆ ನಡೆಯುತ್ತಾ ಸೆಂಟ್ರಾಲ್ ನಿಲ್ದಾಣದ ಹಿಂಬದಿಗೆ ಹೋಗು. ಅಲ್ಲಿಂದ ‘ಐ’ ಎಂಬ ಅಗಲವಾದ ನೀರನ್ನು ದಾಟುವ ದೋಣಿಗೆ ಟಿಕೆಟ್ಟೇ ಇಲ್ಲ. ಸೈಕಲ್ಲು ಹಿಡಿದು ಕೆಲಸದಿಂದ ಮರಳುವವರ ನಡುವೆ ನಿಂತು ಆಚೆ ದಡಕ್ಕೆ ಹೋಗಿ ಬಾ. ದುಡ್ಡು ಕೊಟ್ಟು ಹೋಗುವ ವಿಹಾರಕ್ಕಿಂತ ಇದು ನನಗಿಷ್ಟ, ಊರಿನವರ ಮುಖ ಕಾಣುತ್ತದೆ. ಆಗಸ್ಟಿನಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ, ನಿನ್ನ ಮೈಗೆ ಆಗಲೇ ಮಧ್ಯರಾತ್ರಿ ದಾಟಿರುತ್ತದೆ. ಹೋಗಿ ಮಲಗು.

ಮರುದಿನ ಒಂಬತ್ತಕ್ಕೆ ರೈಕ್ಸ್ ಮ್ಯೂಸಿಯಂ ಬಾಗಿಲು ತೆರೆಯುವಾಗ ಮೊದಲಿಗಳಾಗಿ ಒಳಗಿರು. ಟಿಕೆಟ್ ಮುಂಚೆಯೇ ತೆಗೆದಿಟ್ಟುಕೋ. ಮಿಕ್ಕ ಕೋಣೆಗಳನ್ನು ಬಿಟ್ಟು ಎರಡನೇ ಮಹಡಿಯ ದೊಡ್ಡ ಪಡಸಾಲೆಗೆ ಹತ್ತು. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಚಿತ್ರ ಅಲ್ಲಿದೆ, ಗೋಡೆಯಷ್ಟು ದೊಡ್ಡದು. 1715ರಲ್ಲಿ ನಗರಸಭೆಯ ಕಟ್ಟಡಕ್ಕೆ ಸಾಗಿಸಿದಾಗ ಗೋಡೆಗೆ ಹೊಂದಲಿಲ್ಲವೆಂದು ಅದರ ನಾಲ್ಕೂ ಅಂಚು ಕತ್ತರಿಸಿದರು! ಅದಕ್ಕಿಂತಲೂ ಹೆಚ್ಚು ಹೊತ್ತು ನೀನು ನಿಲ್ಲಬೇಕಾದದ್ದು ವರ್ಮೀರನ ‘ಹಾಲು ಸುರಿಯುವ ಹೆಂಗಸಿನ’ ಮುಂದೆ. ಅರ್ಧ ಮೀಟರೂ ಇಲ್ಲದ ಚಿತ್ರ. ಕೆಲಸದಾಕೆ ಮಡಕೆಗೆ ಹಾಲು ಬಗ್ಗಿಸುತ್ತಿದ್ದಾಳೆ, ಅಷ್ಟೇ. ಹಿಂದಿನ ಬಿಳಿ ಗೋಡೆಯಲ್ಲಿ ಒಂದು ಮೊಳೆ, ಅದಕ್ಕೊಂದು ನೆರಳು. ಮೊಳೆ ಕಿತ್ತ ತೂತುಗಳು. ಕಿಟಕಿಯ ಒಂದು ಗಾಜು ಒಡೆದಿದೆ. ಬ್ರೆಡ್ಡಿನ ಮೇಲೆ ಬೆಳಕು ಚುಕ್ಕಿ ಚುಕ್ಕಿಯಾಗಿ ಬಿದ್ದಿದೆ. ದೇವರಲ್ಲ, ರಾಣಿಯಲ್ಲ, ಅಡುಗೆಮನೆಯಲ್ಲಿ ದುಡಿಯುವ ಒಬ್ಬ ಹೆಂಗಸನ್ನು ಇಷ್ಟು ಗೌರವದಿಂದ ನೋಡಿದವನು ಒಬ್ಬನಿದ್ದ ಎನ್ನುವುದು ನನಗೆ ಬಹಳ ದೊಡ್ಡ ವಿಷಯ. ಜನ ಸೇರುವ ಮುಂಚೆ ಹತ್ತಿರ ಹೋಗಿ ನೋಡು.

ಆ್ಯನ್ ಫ್ರಾಂಕ್ ಮನೆ ನಿನ್ನ ಪಟ್ಟಿಯಲ್ಲಿದೆ. ಈ ಸಲ ಬೇಡ ಎನ್ನುತ್ತೇನೆ. 1942ರ ಜುಲೈಯಿಂದ 1944ರ ಆಗಸ್ಟ್ 4ರವರೆಗೆ ಎಂಟು ಜನ ನಾಜಿಗಳಿಗೆ ಹೆದರಿ ಅಡಗಿ ಕೂತಿದ್ದ ಜಾಗ. ಅವರಲ್ಲಿ ಬದುಕಿ ಬಂದದ್ದು ಹುಡುಗಿಯ ಅಪ್ಪ ಒಬ್ಬರೇ. ಅಲ್ಲಿಂದ ಹೊರಬಂದು ಗಡಿಯಾರ ನೋಡಿಕೊಂಡು ಬಸ್ಸಿಗೆ ಓಡುವುದು ಆ ಮಗುವಿಗೂ ನ್ಯಾಯವಲ್ಲ, ನಿನಗೂ ಅಲ್ಲ. ಟಿಕೆಟ್ಟೂ ಆನ್‌ಲೈನಿನಲ್ಲಿ ಮಾತ್ರ, ಪ್ರತಿ ಮಂಗಳವಾರ ಆರು ವಾರಗಳ ಮುಂದಿನದನ್ನು ಬಿಡುತ್ತಾರೆ. ಅವಳ ಡೈರಿಯನ್ನು ಈಗ ಓದು. ಮುಂದೆ ದಿನಗಳಿಟ್ಟುಕೊಂಡು ಹೋಗು.

ಮ್ಯೂಸಿಯಂನಿಂದ ಹೊರಬಂದವಳು ಮತ್ತೆ 397 ಹಿಡಿ. ವಿಮಾನ ಹೊರಡುವ ಮೂರು ಗಂಟೆ ಮುಂಚೆ ಸ್ಖಿಪೋಲಿನಲ್ಲಿರಬೇಕು. ಮಧ್ಯಾಹ್ನಕ್ಕಿಂತ ಮುಂಚಿನ ವಿಮಾನವಾದರೆ ಮ್ಯೂಸಿಯಂ ಕೈಬಿಡಬೇಕಾಗುತ್ತದೆ, ಆದ್ದರಿಂದ ಮಧ್ಯಾಹ್ನದ ನಂತರದ್ದನ್ನೇ ಹುಡುಕು. ಅದಕ್ಕಾಗಿ 24 ಗಂಟೆ ಮೀರಿ ಪೆಟ್ಟಿಗೆ ಇಡುವ ದುಡ್ಡು ಕೊಡಬೇಕಾಗಿ ಬಂದರೂ ಚಿಂತೆಯಿಲ್ಲ, ಅದನ್ನು ನಾನು ಕೊಡುತ್ತೇನೆ. 2025ರ ಅಕ್ಟೋಬರಿನಿಂದ ಹೊರಗಿನವರ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ, ಸಾಲು ಉದ್ದವಿರಬಹುದು. ಅಮೆರಿಕದ ವಿಮಾನಕ್ಕೆ ಬೇರೆ ತಪಾಸಣೆಯೂ ಉಂಟು.

ಟಿಕೆಟ್ ಕಾಯ್ದಿರಿಸುವ ಮುಂಚೆ ಒಮ್ಮೆ ಮನೆಗೆ ಬಾ. ಎರಡು ವಿಮಾನಗಳ ಸಮಯ, ವೀಸಾದ ಕಾಗದ ಎಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತು ನೋಡೋಣ.

ಇಂತು,
ನಿನ್ನ ದೊಡ್ಡಮ್ಮ