ಎಮ್ಮೆ, ಆಕಳುಗಳ ಗಬ್ಬ ಪರೀಕ್ಷೆ: ಹಾಲು, ರಕ್ತ ನೀಡುವ ಸುಳಿವು

ಹುನ್ನೂರ, ಜಮಖಂಡಿ ಭಾಗದ ಬೇಸಿಗೆಯ ಬಿಸಿಲಿನಲ್ಲಿ ಎಮ್ಮೆಗಳು ಬೆದೆಯ ಲಕ್ಷಣಗಳನ್ನು ಸರಿಯಾಗಿ ತೋರುವುದಿಲ್ಲ. ಬೆದೆ ಕಾಣಲಿಲ್ಲವೆಂದು ಗಬ್ಬವೆಂದೇ ನಂಬಿ ಕುಳಿತರೆ, ತಪ್ಪುವ ಒಂದೊಂದು ಬೆದೆಗೂ ಸುಮಾರು 21 ದಿನಗಳ ಮೇವು, ಹಿಂಡಿ ವ್ಯರ್ಥವಾಗುತ್ತದೆ. ಗಬ್ಬವನ್ನು ಗುರುತಿಸಲು ಪ್ರಯೋಗಾಲಯದ ಮೂರು ಪರೀಕ್ಷೆಗಳಿವೆ.

1. ಪ್ರೊಜೆಸ್ಟೆರಾನ್: ಗರ್ಭಧಾರಣೆ ಮಾಡಿಸಿದ 21ರಿಂದ 24ನೆಯ ದಿನ ಹಾಲಿನಲ್ಲಿ ಈ ಹಾರ್ಮೋನು ಕಡಿಮೆಯಿದ್ದರೆ ಗಬ್ಬವಿಲ್ಲ. ಹೆಚ್ಚಿದ್ದರೆ ಗಬ್ಬವಿರಬಹುದು, ಇದು ಅಂಡಾಶಯದಿಂದ ಬರುವುದರಿಂದ ಖಚಿತವಲ್ಲ.

2. ಮಾಸಿನ ಪ್ರೋಟೀನು: ಗಬ್ಬ ನಿಂತ ಸುಮಾರು ಒಂದು ತಿಂಗಳ ನಂತರ ರಕ್ತದಲ್ಲಿ ಸಿಗುತ್ತದೆ. ಈದ ಮೇಲೂ ಎರಡು ತಿಂಗಳಷ್ಟು ಕಾಲ ಉಳಿಯಬಹುದು. ಆದ್ದರಿಂದ ಹಿಂದೆ ಈದ ದಿನಾಂಕವನ್ನು ತಿಳಿಸಬೇಕು.

3. ಈಸ್ಟ್ರೋನ್ ಸಲ್ಫೇಟ್: ಹೊಟ್ಟೆಯ ಕರು ಮತ್ತು ಮಾಸು ಕೂಡಿ ತಯಾರಿಸುವ ಹಾರ್ಮೋನು. ಆಕಳ ಹಾಲಿನಲ್ಲಿ ಸುಮಾರು ನಾಲ್ಕನೆಯ ತಿಂಗಳಿಗೆ ಕಂಡುಬರುತ್ತದೆ. ಕರು ಬೆಳೆಯುತ್ತಿರುವುದನ್ನು ಸೂಚಿಸುತ್ತದೆ.

ಔಷಧಿ ಅಂಗಡಿಯಲ್ಲಿ ಮಹಿಳೆಯರಿಗಾಗಿ ಮಾರುವ ಮೂತ್ರ ಪರೀಕ್ಷೆಯ ಪಟ್ಟಿ ದನಗಳಿಗೆ ಉಪಯೋಗವಿಲ್ಲ. ಅದು ಹುಡುಕುವ ಹಾರ್ಮೋನು ದನದ ಮಾಸಿನಲ್ಲಿ ಉತ್ಪತ್ತಿಯಾಗುವುದೇ ಇಲ್ಲ.

ಪ್ರಯೋಗಾಲಯ ದೂರವಿದ್ದರೆ, ಗರ್ಭಧಾರಣೆಯ ದಿನಾಂಕವನ್ನು ಬರೆದಿಟ್ಟು ಎರಡು ಮೂರು ತಿಂಗಳಿಗೆ ಪಶುವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಬೇಕು. ಗಬ್ಬವಿಲ್ಲವೆಂದು ತಿಳಿದರೆ ತಡಮಾಡದೆ ಚಿಕಿತ್ಸೆ ಕೊಡಿಸುವುದು ಲಾಭಕರ.