ಹೊಳೆದಂಡೆ ಜಾಗ: ಮುಂಗಡ ಕೊಡುವ ಮೊದಲು ದಡ ನೋಡೋಣ



ಪಾಪಿನಾಯಕನಹಳ್ಳಿಗೆ ಹೊಳೆ ದೂರ. ಆದರೂ ಕಂಪ್ಲಿ, ಹೊಸಪೇಟೆ ಕಡೆ ಹೊಳೆ, ಹಳ್ಳದ ಪಕ್ಕ ಜಾಗ ಕಮ್ಮಿ ರೇಟಿಗೆ ಸಿಕ್ಕರೆ ಮನೆ ಕಟ್ಟುವ ಆಸೆ ಸಹಜ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ, ಉಳಿದ ಗೇಟುಗಳಿಂದಲೂ ಹೊಳೆಗೆ ನೀರು ಬಿಡಬೇಕಾಯಿತು. ನೀರು ಏರಿದಾಗ ನಾವೆಲ್ಲ ಹೆದರುತ್ತೇವೆ. ಆದರೆ ಬಹಳ ಸಲ ದಡ ಕುಸಿಯೋದು ನೀರು ಬೇಗ ಇಳಿಯುವಾಗ. ನೆನೆದ ಮಣ್ಣು ಭಾರವಾಗಿರುತ್ತದೆ. ಎದುರಿಗೆ ಒತ್ತಿ ಹಿಡಿದಿದ್ದ ನೀರು ಹೋದರೆ ಅದಕ್ಕೆ ಆಸರೆ ಇಲ್ಲ.

ಜಾಗ ನೋಡಲು ಹೋದಾಗ:

1. ಅಂಚಿನ ಉದ್ದಕ್ಕೂ ಬಿರುಕು, ವಾಲಿದ ಮರ, ಕಂಬ ಇದೆಯಾ?
2. ದಡದ ಬುಡವನ್ನು ನೀರು ಕೊರೆದಿದೆಯಾ? ಅಲ್ಲಿ ನೀರು ಜಿನುಗುತ್ತಾ?
3. ದೊಡ್ಡ ನೆರೆ ಎಲ್ಲಿವರೆಗೆ ಬಂದಿತ್ತು? ಊರ ಹಿರಿಯರನ್ನು ಕೇಳಿ.
4. ಗುಂಡಿ ತೋಡಿಸಿ. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಪಾಯ ಗಟ್ಟಿ ನೆಲ ಮುಟ್ಟಬೇಕು.

ಮೊದಲ ಎರಡರಲ್ಲಿ ಒಂದಕ್ಕೆ ‘ಹೌದು’ ಎಂದರೂ, ಇಂಜಿನಿಯರಿಗೆ ತೋರಿಸದೆ ಮುಂಗಡ ಬೇಡ. ಮನೆ ಕಟ್ಟಿದವರು ಬಚ್ಚಲ ನೀರನ್ನು ದಡದೊಳಗೆ ಇಂಗಲು ಬಿಡಬೇಡಿ.

ಮನೆ ಬಿದ್ದರೂ ಸಾಲದ ಕಂತು ನಿಲ್ಲೋದಿಲ್ಲ, ಅಲ್ಲವೇ?

ಸಭೆಯಲ್ಲಿ ಚರ್ಚಿಸಿ: ಮನೆ ಸಾಲ ಕೇಳಿದ ಸದಸ್ಯೆಯ ಜಾಗವನ್ನು ಸಂಘದ ಇಬ್ಬರು ಹೋಗಿ ನೋಡಿ ಬರಬಹುದೇ?